ಜರ್ಮನ್ನರಿಗೆ ನಾನು 'ಗೆಟ್' ಕಲಿಸುವ ರೀತಿ

ಸ್ಟುಟ್‌ಗಾರ್ಟ್‌ನಲ್ಲಿ ಸಂಜೆ ತರಗತಿಗೆ ಬರುವ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ನರ್ಸುಗಳು, ಬ್ಯಾಂಕಿನವರು, ರಿಟೈರ್ ಆದವರು, ಎಲ್ಲರೂ ಇರುತ್ತಾರೆ. ಉದ್ದುದ್ದ ಪದಗಳಿಗೆ ಇವರು ಹೆದರುವುದಿಲ್ಲ. ಕಾಡುವುದು ಮೂರಕ್ಷರದ 'ಗೆಟ್'. ಡಿಕ್ಷನರಿ ತೆಗೆದರೆ ಪುಟಗಟ್ಟಲೆ ಅರ್ಥ. ಆ ಪಟ್ಟಿಯನ್ನು ಬಾಯಿಪಾಠ ಮಾಡಿ ಗೆಟ್ ಕಲಿತವರನ್ನು ನಾನಂತೂ ನೋಡಿಲ್ಲ.

ತಪ್ಪಿಸಿಕೊಳ್ಳೋಕೆ ಅವರಿಗೆ ಎರಡು ದಾರಿ. ಒಂದು 'ಬಿಕಮ್'. ಜರ್ಮನ್‌ನಲ್ಲಿ 'ಬೆಕೊಮೆನ್' ಅಂದರೆ ಸಿಗುವುದು, ಪಡೆಯುವುದು. ಕೇಳೋಕೆ ಒಂದೇ ಥರ ಇದೆಯಲ್ಲ, ಹಾಗಾಗಿ 'ಐ ಬಿಕಮ್ ಎ ಸ್ಟೇಕ್' ಅಂತ ಬಾಯಿಗೆ ಬಂದುಬಿಡುತ್ತೆ. ತಟ್ಟೆಗೆ ಬರೋ ಮಾಂಸದ ತುಂಡು ನಾನೇ ಆಗ್ತೀನಿ ಅಂದ ಹಾಗಾಯ್ತು! ಇನ್ನೊಂದು ದಾರಿ 'ರಿಸೀವ್'. ಗೆಟ್ ಒರಟು ಪದ, ಬರೆಯಬಾರದು ಅಂತ ಶಾಲೆಯಲ್ಲಿ ಕೇಳಿ ಬಂದವರು ಇದನ್ನು ಹಿಡಿಯುತ್ತಾರೆ. ಒಬ್ಬರು 'ಐ ರಿಸೀವ್ಡ್ ಎ ಹೆಡೇಕ್' ಅಂತ ನೀಟಾಗಿ ಬರೆದುಕೊಂಡು ಬಂದಿದ್ದರು. ತಲೆನೋವು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಂದ ಹಾಗೆ.

ನಮ್ಮ 'ಹಿಡಿ' ನೋಡಿ. ಬಸ್ ಹಿಡೀತೀವಿ, ಹುಚ್ಚು ಹಿಡಿಯುತ್ತೆ, ಕೆಲಸಕ್ಕೆ ಟೈಮ್ ಹಿಡಿಯುತ್ತೆ. ಪಕ್ಕದಲ್ಲಿ ಏನಿದೆ ಅನ್ನೋದೇ ಅರ್ಥ ಹೇಳುತ್ತೆ. ಗೆಟ್ ಜೊತೆಗೂ ಇದನ್ನೇ ಮಾಡಿಸುತ್ತೇನೆ: ಗೆಟ್ ಆದಮೇಲೆ ಏನು ಬಂತು, ಅದನ್ನು ನೋಡಿ. 'ಗೆಟ್ ಎ ಲೆಟರ್', ಮುಂದೆ ವಸ್ತು ಇದೆ, ಅಂದರೆ ಬೆಕೊಮೆನ್. 'ಗೆಟ್ ಟೈರ್ಡ್', 'ಗೆಟ್ ಓಲ್ಡ್', ಇಲ್ಲಿ ಗುಣ ಇದೆ, ಅದು 'ವೇರ್ಡೆನ್', ನಮ್ಮ 'ಆಗು'. 'ಗೆಟ್ ಹೋಮ್' ಅಂದಾಗ ಜಾಗ ಇದೆ, ಆಗ 'ಕೊಮೆನ್', ಬರು ಅಥವಾ ತಲುಪು. ಮೂರೇ ಕ್ರಿಯಾಪದ, ಮೂರೂ ಅವರ ಮನೆಯವೇ. 'ಹಿ ಗಾಟ್ ಫೈರ್ಡ್' ಥರದ್ದು ಬಂದಾಗ ಕೆಲವರು ತಡವರಿಸುತ್ತಾರೆ. ಆದರೆ ಜರ್ಮನ್‌ನಲ್ಲಿ ಕರ್ಮಣಿ ಪ್ರಯೋಗ ಕಟ್ಟೋದೂ ವೇರ್ಡೆನ್ ಇಟ್ಟುಕೊಂಡೇ ಅಲ್ವಾ? ಅದನ್ನು ಅವರೇ ಕಂಡುಹಿಡಿಯಲಿ ಅಂತ ಸುಮ್ನೆ ಕಾಯುತ್ತೇನೆ.

'ಒಂದೇ ಪದಕ್ಕೆ ಇಷ್ಟೊಂದು ಕೆಲಸ ಯಾಕೆ' ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಆಗ ಇತಿಹಾಸಕ್ಕೆ ಹೋಗುತ್ತೇನೆ. ಈ ಭಾಗಕ್ಕೆ ನಾನು ಜಾಸ್ತಿನೇ ಟೈಮ್ ಕೊಡ್ತೀನಿ, ಯಾಕೆಂದರೆ ಜರ್ಮನ್ನರಿಗಿಂತ ಚೆನ್ನಾಗಿ ಇದನ್ನು ಸವಿಯುವ ವಿದ್ಯಾರ್ಥಿಗಳು ಸಿಗೋದು ಕಷ್ಟ.

ಮೊದಲು ಬೋರ್ಡಿನ ಮೇಲೆ ಜೋಡಿಗಳನ್ನು ಬರೆಯುತ್ತೇನೆ. ಗೆಲ್ಬ್, ಯೆಲ್ಲೋ. ಗಾರ್ನ್, ಯಾರ್ನ್. ಗೆಸ್ಟರ್ನ್, ಯೆಸ್ಟರ್‌ಡೇ. ಜರ್ಮನ್‌ನಲ್ಲಿ 'ಗ' ಇರುವ ಕಡೆ ಇಂಗ್ಲಿಷ್‌ನಲ್ಲಿ 'ಯ' ಬಂದು ಕೂತಿದೆ. ಹಾಗಾದರೆ ಗೆಟ್ ಯಾಕೆ 'ಯೆಟ್' ಆಗಲಿಲ್ಲ? ಒಂದು ಕ್ಷಣ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಉತ್ತರ ಸ್ಕ್ಯಾಂಡಿನೇವಿಯಾದಿಂದ ಹಡಗಿನಲ್ಲಿ ಬಂದ ವೈಕಿಂಗರ ಹತ್ತಿರ ಇದೆ. 9ನೇ ಶತಮಾನದಲ್ಲಿ ಇಂಗ್ಲೆಂಡಿನ ಉತ್ತರಕ್ಕೂ ಪೂರ್ವಕ್ಕೂ ಬಂದು ನೆಲೆಸಿದ ಅವರು ಆಡುತ್ತಿದ್ದ ನಾರ್ಸ್ ಭಾಷೆಯಲ್ಲಿ 'ಗೆಟ' ಅಂದರೆ ಪಡೆಯುವುದು. ಗೆಟ್ ಬಂದದ್ದು ಅಲ್ಲಿಂದ, ಗಟ್ಟಿ 'ಗ'ಕಾರದ ಸಮೇತ. ಹಳೆಯ ಇಂಗ್ಲಿಷ್‌ನಲ್ಲೂ ಇದರ ಸೋದರ ಪದ ಇತ್ತು, ಆದರೆ ಬೇರೆ ಪದಗಳಿಗೆ ಅಂಟಿಕೊಂಡೇ ಇತ್ತು. ಫರ್‌ಗೆಟ್ ಅದರದೇ ಕುಟುಂಬ. ಜರ್ಮನ್‌ನ 'ಫೆರ್‌ಗೆಸೆನ್' ಕೂಡ, ಅರ್ಥವೂ ಅದೇ, ಮರೆಯುವುದು. ಅಂದರೆ ತಮಗೆ ಗೊತ್ತೇ ಇಲ್ಲ ಅಂದುಕೊಂಡ ಪದದ ಅರ್ಧ ಭಾಗ ದಿನಾ ಬಾಯಲ್ಲಿದೆ!

ಈ 'ಗ'-'ಯ' ಜಗಳಕ್ಕೆ ಒಳ್ಳೆಯ ಸಾಕ್ಷಿ ಮೊಟ್ಟೆ. ಮುದ್ರಕ ವಿಲಿಯಂ ಕ್ಯಾಕ್ಸ್‌ಟನ್ 1490ರಲ್ಲಿ ಬರೆದ ಕಥೆ ಇದು. ಥೇಮ್ಸ್ ನದಿಯಲ್ಲಿ ಗಾಳಿ ಇಲ್ಲದೆ ನಿಂತ ಹಡಗಿನಿಂದ ವ್ಯಾಪಾರಿಗಳು ದಡಕ್ಕೆ ಇಳಿದರು. ಒಬ್ಬ ಒಂದು ಮನೆಯಲ್ಲಿ 'ಎಗ್ಸ್' ಕೇಳಿದ. ನನಗೆ ಫ್ರೆಂಚ್ ಬರಲ್ಲ ಅಂದಳು ಆ ಮನೆಯಾಕೆ. ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ, ಸಿಟ್ಟು ಬಂತು. ಇನ್ನೊಬ್ಬ 'ಐರೆನ್' ಬೇಕು ಅಂದಾಗ ಆಕೆಗೆ ಅರ್ಥವಾಯಿತು. ಎಗ್ ವೈಕಿಂಗರ ಕಡೆಯದು, ಐರೆನ್ ಊರಿನದು. ಜರ್ಮನ್‌ನಲ್ಲಿ ಮೊಟ್ಟೆಗಳಿಗೆ ಇವತ್ತಿಗೂ 'ಐಯರ್' ಅನ್ನುತ್ತಾರೆ. ತರಗತಿಯಲ್ಲಿ ಎಲ್ಲರೂ ಆ ಹೆಂಗಸಿನ ಪಕ್ಷ.

ಇನ್ನು ಕೆಲಸ ಹೆಚ್ಚಾದ ವಿಷಯ. ಜರ್ಮನ್‌ನ ವೇರ್ಡೆನ್‌ಗೆ ಸಮನಾದ 'ವೆಯೊರ್ಥನ್' ಹಳೆಯ ಇಂಗ್ಲಿಷ್‌ನಲ್ಲಿತ್ತು. ಅದು ಕಾಲಕ್ರಮದಲ್ಲಿ ಸತ್ತುಹೋಯಿತು. ಖಾಲಿಯಾದ ಜಾಗಕ್ಕೆ ಬಿಕಮ್, ಗ್ರೋ, ಟರ್ನ್, ಕೊನೆಗೆ ಗೆಟ್ ಎಲ್ಲವೂ ನುಗ್ಗಿದವು. ಜರ್ಮನ್ ತನ್ನದನ್ನು ಉಳಿಸಿಕೊಂಡಿತು, ಹಾಗಾಗಿ ಅವರಿಗೆ ಒಂದು ಗೆಟ್ ಬದಲು ಹಲವು ಪದ ಕಾಣುತ್ತವೆ. ಒರಟು ಪದ ಅನ್ನೋ ದೂರಿಗೆ ನನ್ನ ಹತ್ತಿರ ಒಂದೇ ಮಾತು: ಬೆಕೊಮೆನ್ ಅರ್ಥದಲ್ಲೇ ಆಡುಮಾತಿನಲ್ಲಿ ಬಳಸುವ ನಿಮ್ಮ 'ಕ್ರೀಗೆನ್'ಗೂ ಮೇಷ್ಟ್ರುಗಳು ಹೀಗೇ ಕೆಂಪು ಗೆರೆ ಹಾಕ್ತಾರೆ, ಆದರೂ ಮನೆಯಲ್ಲಿ ಎಲ್ಲರೂ ಅದನ್ನೇ ಆಡ್ತೀರಿ.

'ಹ್ಯಾವ್' ಜೊತೆ ಬರುವ ಗೆಟ್‌ನ ರೂಪ 'ಗಾಟನ್' ತಪ್ಪಾ ಅಂತ ಕೇಳುತ್ತಾರೆ. ಅಮೆರಿಕದಲ್ಲಿ ಸರಿ, ಬ್ರಿಟನ್ನಿನಲ್ಲಿ 'ಗಾಟ್' ಸಾಕು. ಅಷ್ಟೇ.

ಗೆಟ್ ಓವರ್, ಗೆಟ್ ಅವೇ ಮುಂತಾದವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಇಲ್ಲೂ ಹೊಸ ಪಟ್ಟಿ ಬೇಕಿಲ್ಲ. ಗೆಟ್ ಅವೇ ಅಂದರೆ 'ದಾಫೋನ್‌ಕೊಮೆನ್', ಗೆಟ್ ಅಲಾಂಗ್ ಅಂದರೆ 'ಔಸ್‌ಕೊಮೆನ್'. ಬಾಲದಲ್ಲಿ ಮತ್ತೆ ಕೊಮೆನ್. ಗೆಟ್ ರಿಡ್ ಆಫ್ ಮಾತ್ರ 'ಲೋಸ್‌ವೇರ್ಡೆನ್', ಅಲ್ಲಿ ವೇರ್ಡೆನ್ ಇದೆ. ಯಾಕೆ ಅಂತ ಕೇಳಿದರೆ ಈಗ ಅವರೇ ಹೇಳುತ್ತಾರೆ: 'ರಿಡ್' ಅನ್ನೋದು ಜಾಗ ಅಲ್ಲ, ಟೈರ್ಡ್ ಥರದ್ದು.