ಜನವರಿಯಲ್ಲಿ ತುಂಬಿದ ತೋಟೆ

ನಮ್ಮ ಮಲೆನಾಡಿನ ಮನೆಯಲ್ಲಿ ಕೋವಿಮದ್ದಿಗೆ ಇದ್ದದ್ದು ಒಂದೇ ಶತ್ರು, ಥಂಡಿ. ಆಷಾಢದ ಮಳೆಯಲ್ಲಿ ಅಜ್ಜನ ಕೇಪಿನ ಕೋವಿ ‘ಟಸ್’ ಎಂದರೆ ಮದ್ದು ಪಸೆ ಹಿಡಿದಿದೆ ಎಂದೇ ಅರ್ಥ. ಆ ಭಯವನ್ನೇ ಹೊತ್ತು ಅರಿಜೋನಾಕ್ಕೆ ಬಂದೆ. ಗ್ರೀನ್ ಕಾರ್ಡ್ ಸಿಕ್ಕಿದ ಮೇಲೆ .308 ವಿಂಚೆಸ್ಟರ್ ರೈಫಲ್ ಕೊಂಡು, ಗ್ಯಾರೇಜಿನಲ್ಲಿ ತೋಟೆಗೆ ಮದ್ದು, ಗುಂಡು ತುಂಬುವ ಪ್ರೆಸ್ ಕೂರಿಸಿದಾಗ ಮದ್ದಿನ ಡಬ್ಬಿಯ ಪಕ್ಕ ಮೊದಲು ಇಟ್ಟದ್ದು ಸಿಲಿಕಾ ಜೆಲ್ ಪೊಟ್ಟಣ. ಅದೂ ಫೀನಿಕ್ಸಿನಲ್ಲಿ! ಒಗೆದ ಬಟ್ಟೆ ಅರ್ಧ ಗಂಟೆಗೆ ಹಪ್ಪಳವಾಗುವ ಊರಿದು.

ಜನವರಿಯಲ್ಲಿ 168 ಗ್ರೇನ್ (ಸುಮಾರು 11 ಗ್ರಾಂ) ಗುಂಡಿಗೆ ಒಂದು ಬಾಲ್ ಪೌಡರ್ (ಉರುಟು ಕಾಳಿನ ಮದ್ದು) ಹಿಡಿದು, ಕೈಪಿಡಿಯಲ್ಲಿ ಹೇಳಿದ ಕನಿಷ್ಠ ಮದ್ದಿನ ತೂಕದಿಂದ ಶುರುಮಾಡಿ ಮೇಲೇರುತ್ತಾ ಹೋದೆ. ಗರಿಷ್ಠಕ್ಕೆ ಕೂದಲೆಳೆ ಕೆಳಗೆ ನಿಂತೆ. ಅಂದು 18 ಡಿಗ್ರಿ ಸೆಲ್ಸಿಯಸ್ ಇತ್ತು. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಸೆಕೆಂಡಿಗೆ 2,670 ಅಡಿ ತೋರಿಸಿತು. ಕೋವಿಯ ಹಿಂಬದಿ ಮುಚ್ಚುವ ಬೋಲ್ಟ್ ಬೆಣ್ಣೆಯಂತೆ ತೆರೆಯಿತು, ತೋಟೆಯ ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಪ್ರೈಮರಿನ ಅಂಚು ದುಂಡಗೇ ಇತ್ತು. ಅದೇ ಅಳತೆಯಲ್ಲಿ 50 ತೋಟೆ ತುಂಬಿ ಡಬ್ಬಿ ಮುಚ್ಚಿಟ್ಟೆ.

ಜುಲೈಯಲ್ಲಿ ಆ ಡಬ್ಬಿ ಕಾರಿನ ಹಿಂದಿನ ಸೀಟಿನಲ್ಲಿ ಒಂದೂವರೆ ಗಂಟೆ ಕೂತಿತ್ತು. ಫೀನಿಕ್ಸಿನ ಬೆನ್ ಏವರಿ ಶೂಟಿಂಗ್ ರೇಂಜಿನಲ್ಲಿ ತೆಗೆದಾಗ ತೋಟೆ ಬೆರಳಿಗೆ ಚುರುಕ್ಕೆಂದಿತು. ಆದರೂ ಹೊಡೆದೆ, ಅದು ನನ್ನ ದಡ್ಡತನ. ಮೂರನೆಯ ಈಡಿಗೆ ಬೋಲ್ಟ್ ಬಿಗಿಯಾಯಿತು. ನಾಲ್ಕನೆಯದಕ್ಕೆ ಅಂಗೈಯಿಂದ ಗುದ್ದಿ ಎತ್ತಬೇಕಾಯಿತು. ಹೊರಬಂದ ಖಾಲಿ ಕೇಸಿನಲ್ಲಿ ಪ್ರೈಮರ್ ಚಪ್ಪಟೆ, ಹಿತ್ತಾಳೆಯ ಬುಡದಲ್ಲಿ ಕೇಸನ್ನು ಹೊರದೂಡುವ ಇಜೆಕ್ಟರಿನ ಹೊಳೆಯುವ ಅಚ್ಚು. ಒತ್ತಡ ಮಿತಿಮೀರಿದ ಗುರುತುಗಳಿವು. ವೇಗ 2,752 ಅಡಿ. ಅಲ್ಲಿಗೇ ನಿಲ್ಲಿಸಿದೆ.

ವೇಗ ಏರಿದ್ದು ಶೇ 3 ಮಾತ್ರ ಎನಿಸಬಹುದು. ಒತ್ತಡ ಅದೇ ಲೆಕ್ಕದಲ್ಲಿ ಏರುವುದಿಲ್ಲ, ಎರಡು ಪಟ್ಟು ಇಲ್ಲವೇ ಇನ್ನೂ ಹೆಚ್ಚು ಎಂದು ಹಿಡಿಯಬೇಕು. .308ಕ್ಕೆ ಅಮೆರಿಕದ ಮಾನದಂಡದ ಮಿತಿ ಚದರ ಅಂಗುಲಕ್ಕೆ 62,000 ಪೌಂಡ್. ಜನವರಿಯಲ್ಲೇ ಆ ಮಿತಿಯ ಹೊಸ್ತಿಲಲ್ಲಿದ್ದವನು ಜುಲೈಯಲ್ಲಿ ಎಲ್ಲಿದ್ದೆ ಎಂದು ನೀವೇ ಊಹಿಸಿ. ಇನ್ನೊಂದು ಮಾತು: ಪ್ರೈಮರ್ ಚಪ್ಪಟೆಯಾಗುವುದು, ಬೋಲ್ಟ್ ಬಿಗಿಯುವುದು ಇವೆಲ್ಲ ಮುನ್ಸೂಚನೆಗಳಲ್ಲ. ಕಣ್ಣಿಗೆ ಬೀಳುವಾಗ ಮಿತಿ ಬಹುಮಟ್ಟಿಗೆ ದಾಟಿಯೇ ಆಗಿರುತ್ತದೆ.

ಬಿಸಿಯಾದ ಮಾತ್ರಕ್ಕೆ ಮದ್ದಿನಲ್ಲಿ ಶಕ್ತಿಯೇನೂ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಹೆಚ್ಚುವುದು ಉರಿಯುವ ವೇಗ. ಕಾದ ಕಾಳು ಬೇಗ ಹೊತ್ತಿಕೊಂಡು ಬೇಗ ಕರಗುತ್ತದೆ. ಗುಂಡು ನಳಿಗೆಯಲ್ಲಿ ಮುಂದೆ ಸರಿದು ಜಾಗ ಬಿಡುವ ಮೊದಲೇ ಅನಿಲ ತುಂಬಿಕೊಳ್ಳುತ್ತದೆ, ಆಗ ಒತ್ತಡದ ಶಿಖರ ಎತ್ತರವಾಗುತ್ತದೆ. ಇದು ಹಳೆಯ ಪಾಠವೇ. ಬ್ರಿಟಿಷ್ ಕಂಪನಿಗಳು ತಮ್ಮ ಚಳಿಯಲ್ಲಿ ಸರಿ ಕಂಡ ಕಾರ್ಡೈಟ್ ಎಂಬ ಹಳೆಯ ಮದ್ದಿನ ತೋಟೆಗಳು ಭಾರತ, ಆಫ್ರಿಕಾದ ಬಿಸಿಲಿನಲ್ಲಿ ಕೋವಿಯೊಳಗೆ ಕಚ್ಚಿಕೊಂಡಾಗ, ಉಷ್ಣ ದೇಶಗಳಿಗೆಂದೇ ಮದ್ದು ಕಡಿಮೆ ಹಾಕಿ ಬೇರೆ ತೋಟೆ ಮಾಡಿದವು. ಭಾರತದಿಂದಲೇ ಬಂದವನಾಗಿಯೂ ನನಗೆ ಅದು ಹೊಳೆಯಲಿಲ್ಲ.

ಆಮೇಲೆ ಒಂದು ಪರೀಕ್ಷೆ ಮಾಡಿದೆ. ಬಾಲ್ ಪೌಡರನ್ನು ಒಂದೂವರೆ ಗ್ರೇನ್ ಇಳಿಸಿ 15 ತೋಟೆ, ವಾರ್ಗೆಟ್ ಎಂಬ ಕಡ್ಡಿ ಮದ್ದಿನಲ್ಲಿ 15. ವಾರ್ಗೆಟ್ ಆಸ್ಟ್ರೇಲಿಯಾದಲ್ಲಿ ತಯಾರಾಗುವುದು, ಉಷ್ಣಾಂಶಕ್ಕೆ ಅಷ್ಟಾಗಿ ಬಗ್ಗದ ಮದ್ದೆಂದು ಹೆಸರು ಮಾಡಿದೆ. ಎರಡರಲ್ಲೂ ಐದೈದು ಐಸ್ ಪೆಟ್ಟಿಗೆಯಲ್ಲಿ (ತೇವ ತಾಗದಂತೆ ಜಿಪ್ ಚೀಲದಲ್ಲಿ), ಐದೈದು 22 ಡಿಗ್ರಿಯ ಇನ್ನೊಂದು ಪೆಟ್ಟಿಗೆಯಲ್ಲಿ, ಉಳಿದವು ಮಧ್ಯಾಹ್ನದ ನೆರಳಿನಲ್ಲೇ. ಅಲ್ಲಿ 43 ಡಿಗ್ರಿ. ಬೇರೆ ಶಾಖ ಬೇಕಾಗಲೇ ಇಲ್ಲ, ಕೊಡಲೂಬಾರದು. ಒಂದೊಂದೇ ಹೊರತೆಗೆದು, ಚೇಂಬರಿನಲ್ಲಿ ಕೂರಲು ಬಿಡದೆ ಹೊಡೆದೆ. ಕಾದ ನಳಿಗೆಯಲ್ಲಿ ತೋಟೆಯನ್ನು ಒಂದು ನಿಮಿಷ ಬಿಟ್ಟರೂ ಅದು ಒಲೆಯ ಮೇಲಿನ ಕಾವಲಿಯಲ್ಲಿಟ್ಟಂತೆ, ಲೆಕ್ಕವೆಲ್ಲ ಕೆಡುತ್ತದೆ.

ಬಾಲ್ ಪೌಡರಿನ ವೇಗ ಐಸ್ ಪೆಟ್ಟಿಗೆಯ 4 ಡಿಗ್ರಿಯಲ್ಲಿ 2,560 ಅಡಿ, 22ರಲ್ಲಿ 2,603, 43ರಲ್ಲಿ 2,658. ವಾರ್ಗೆಟ್ 2,611, 2,620, 2,634. ಒಂದರಲ್ಲಿ 98 ಅಡಿ ಅಂತರ, ಇನ್ನೊಂದರಲ್ಲಿ 23. ಐದು ಈಡಿನ ಸರಾಸರಿ ದೊಡ್ಡ ಸಾಕ್ಷ್ಯವೇನಲ್ಲ, ನನ್ನ ಒಂದು ರೈಫಲಿನ ಮಾತು ಅಷ್ಟೇ. ಮದ್ದಿನ ತೂಕ ಇಲ್ಲಿ ಬರೆಯದಿರುವುದೂ ಅದಕ್ಕೇ. ನಿಮ್ಮ ನಳಿಗೆ ಬೇರೆ, ಕೇಸು ಬೇರೆ. ತಯಾರಕರ ಕೈಪಿಡಿ ನೋಡಿ. ಊರಿನಲ್ಲಿ ಕೋವಿ ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ತೋಟೆ ತುಂಬುವ ಪರವಾನಗಿಯೂ ಇದೆ ಎಂದುಕೊಳ್ಳಬೇಡಿ.

ಈಗ ಗರಿಷ್ಠ ಹುಡುಕುವ ಕೆಲಸವನ್ನು ಜೂನ್, ಜುಲೈಯಲ್ಲೇ ಮಾಡುತ್ತೇನೆ. ಬೆವರು ಸುರಿಯುತ್ತದೆ, ಸುರಿಯಲಿ. ಚಳಿಗಾಲದಲ್ಲಿ ಫ್ಲಾಗ್‌ಸ್ಟಾಫ್ ಕಡೆ ಹೋದಾಗ ವೇಗ ಒಂದಿಷ್ಟು ಇಳಿದು ಗುಂಡು ಕೆಳಗೆ ಬೀಳುತ್ತದೆ, ಅದನ್ನು ಸೈಟಿನಲ್ಲಿ ಸರಿಮಾಡಿಕೊಳ್ಳಬಹುದು. ಡಬ್ಬಿಯ ಚೀಟಿಯಲ್ಲಿ ಮದ್ದು, ತೂಕ, ತಾರೀಖಿನ ಜೊತೆಗೆ ಅಂದಿನ ಉಷ್ಣಾಂಶವೂ ಇರುತ್ತದೆ. ತೋಟೆ ರೇಂಜಿಗೆ ಹೋಗುವುದು ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ನೀರಿನ ಬಾಟಲಿಯ ಪಕ್ಕ.

ಜನವರಿಯ ಡಬ್ಬಿಯಲ್ಲಿ ಉಳಿದಿದ್ದ 46 ತೋಟೆಗಳ ಗುಂಡನ್ನು ಒಂದೊಂದಾಗಿ ಎಳೆದು ಮದ್ದು ಸುರಿದೆ. ಎರಡು ಸಂಜೆ ಹಿಡಿಯಿತು.