ವಿಂಡೋದೊಳಗಿನ ಗಾಳಿ

ಎಂಟನೇ ತರಗತಿಯಲ್ಲಿ ಮನೆಯ ಭಾಗಗಳ ಇಂಗ್ಲಿಷ್ ಹೆಸರು ಹೇಳಿಕೊಡುತ್ತಿದ್ದೆ. ಡೋರ್, ವಾಲ್, ರೂಫ್, ವಿಂಡೋ. ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. "ಟೀಚರ್, ವಿಂಡೋದಾಗ ವಿಂಡ್ ಐತಲ್ರಿ. ಗಾಳಿ ಬರ್ತೈತಿ ಅಂತ ಹಂಗ ಹೆಸರಿಟ್ಟಾರೇನ್ರಿ?"

"ಇಲ್ಲವ್ವ, ಸ್ಪೆಲಿಂಗ್ ಸುಮ್ನೆ ಹಾಗೆ ಬಂದಿದೆ" ಅಂದುಬಿಟ್ಟೆ. ಅವಳು ಕೂತಳು. ಮನೆಗೆ ಹೋದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಗೊತ್ತಿಲ್ಲದೆ ಇಲ್ಲ ಅಂದಿದ್ದೆ. ಊಟವಾದ ಮೇಲೆ ಪದಗಳ ಮೂಲ ಹೇಳುವ ನಿಘಂಟು ತೆಗೆದೆ.

ಹುಡುಗಿ ಹೇಳಿದ್ದೇ ಸರಿ. ವಿಂಡೋ ಇಂಗ್ಲಿಷಿನ ಸ್ವಂತ ಪದವೇ ಅಲ್ಲ. ಡೆನ್ಮಾರ್ಕ್, ನಾರ್ವೆ ಕಡೆಯಿಂದ ಹಡಗಿನಲ್ಲಿ ಬಂದ ವೈಕಿಂಗರ ಮಾತು ಅದು. 793ರಲ್ಲಿ ಅವರು ಇಂಗ್ಲೆಂಡಿನ ಲಿಂಡಿಸ್ಫಾರ್ನ್ ಮಠವನ್ನು ಸುಲಿದರು. ಮುಂದೆ ಆ ದೇಶದ ಉತ್ತರ, ಪೂರ್ವ ಭಾಗಗಳಲ್ಲಿ ಮನೆ ಮಾಡಿಕೊಂಡು ಉಳಿದರು. ಎಗ್, ನೈಫ್, ಸ್ಕೈ, ಹಸ್ಬೆಂಡ್ ಎಲ್ಲ ಅವರು ಕೊಟ್ಟಿದ್ದೇ. ಅವರ ಹಳೆಯ ನಾರ್ಸ್ ಭಾಷೆಯಲ್ಲಿ ಕಿಟಕಿಗೆ 'ವಿಂಡೌಗ' ಅನ್ನುತ್ತಿದ್ದರು. 'ವಿಂಡ್' ಗಾಳಿ, 'ಔಗ' ಕಣ್ಣು. ಗಾಳಿಗಣ್ಣು! ಆಗ ಅದಕ್ಕೆ ಗಾಜು ಇರಲಿಲ್ಲ. ಅದು ಬರೀ ಒಂದು ತೂತು, ಗಾಳಿ ನೇರ ಒಳಗೆ ಬರುತ್ತಿತ್ತು.

ಅದಕ್ಕೂ ಮೊದಲು ಇಂಗ್ಲಿಷರದೇ ಪದವೊಂದಿತ್ತು, ಅದರ ಅರ್ಥ 'ಕಣ್ಣುತೂತು'. ತೂತಿಗೆ ಅವರು 'ಥಿರ್ಲ್' ಅನ್ನುತ್ತಿದ್ದರು. ಕಿಟಕಿಯ ಆ ಪದ ಹೋಯಿತು, ಥಿರ್ಲ್ ಮಾತ್ರ ಒಂದು ಕಡೆ ಉಳಿದುಕೊಂಡಿದೆ. ಮೂಗಿನ ಹೊಳ್ಳೆಗೆ ನಾಸ್ಟ್ರಿಲ್ ಅಂತೀವಲ್ಲ, ಅದು ಮೂಗಿನ ಥಿರ್ಲ್. ಇದನ್ನು ಓದಿದಾಗ ಆದ ಖುಷಿ ಅಷ್ಟಿಷ್ಟಲ್ಲ.

ಮರುದಿನ ತರಗತಿಗೆ ಹೋದವಳೇ, ನಿನ್ನೆ ನಾನು ಹೇಳಿದ್ದು ತಪ್ಪು, ಅವಳು ಹೇಳಿದ್ದು ಸರಿ ಅಂದೆ. ಆಮೇಲೆ ಕೇಳಿದೆ, "ಮಾಳಿಗೆ ಮನೆಯಲ್ಲಿ ಮೇಲಿನಿಂದ ಬೆಳಕು ಬರೋದಕ್ಕೆ ಏನಿರುತ್ತೆ?" ಎಲ್ಲರೂ ಒಟ್ಟಿಗೆ ಕೂಗಿದರು, "ಬೆಳಕಿಂಡಿ!" ಅವರು ಗಾಳಿಯ ಹೆಸರಿಟ್ಟರು, ನಾವು ಬೆಳಕಿನ ಹೆಸರಿಟ್ಟೆವು. ಬೋರ್ಡಿನ ಮೇಲೆ ಗವಾಕ್ಷಿ ಅಂತಲೂ ಬರೆದೆ. ಸಂಸ್ಕೃತದಲ್ಲಿ ಗೋ ಅಂದರೆ ಹಸು, ಅಕ್ಷಿ ಅಂದರೆ ಕಣ್ಣು. ಇಲ್ಲೂ ಕಣ್ಣೇ, ಅಲ್ವಾ? ಬರೀ ಅರ್ಥ ಒಂದೇ ಅಂತಲ್ಲ. ನಾರ್ಸಿನ ಔಗ, ಇಂಗ್ಲಿಷಿನ ಐ, ಸಂಸ್ಕೃತದ ಅಕ್ಷಿ ಮೂರೂ ಒಂದೇ ಬೇರಿನವು ಅನ್ನುತ್ತಾರೆ ಭಾಷಾ ವಿದ್ವಾಂಸರು. (ನಮ್ಮ ಕಿಟಕಿ ಹಿಂದಿಯ ಖಿಡ್ಕಿಯ ನೆಂಟ. ತಮಿಳಿನ ಜನ್ನಲ್ ಪೋರ್ಚುಗೀಸರ 'ಜನೆಲ'ದಿಂದ ಬಂದಿದ್ದು. ಕಿಟಕಿಯ ಹೆಸರುಗಳು ಯಾಕೋ ಜಾಸ್ತಿ ಊರು ಸುತ್ತಿವೆ.)

ಆಗ ಇನ್ನೊಬ್ಬ ಕೇಳಿದ, "ಹಂಗಾದ್ರ ವಿಡೋ ಅನ್ನೋದೂ ವಿಂಡೋದ ಕಡೀದೇನ್ರಿ?" ಈ ಸಲ "ನೋಡಿ ಹೇಳ್ತೀನಿ" ಅಂದೆ. ನೋಡಿದರೆ ವಿಂಡೋಗೂ ಅದಕ್ಕೂ ಏನೂ ಸಂಬಂಧವಿಲ್ಲ. ಆದರೆ ವಿಡೋ ಮತ್ತು ಸಂಸ್ಕೃತದ ವಿಧವಾ ಹಳೆಯ ನೆಂಟರು! ಇಂಥ ಕಡೆಯೇ ಎಚ್ಚರ ಬೇಕು. ಈಗಿನ ಸ್ಪೆಲಿಂಗ್ ನೋಡಿ ನಂಟು ಹೇಳಬಾರದು. ಆ ಪದದ ಅತ್ಯಂತ ಹಳೆಯ ರೂಪ ಹುಡುಕಬೇಕು, ಅಕ್ಕಪಕ್ಕದ ಭಾಷೆಗಳಲ್ಲಿ ಏನಿದೆ ನೋಡಬೇಕು. ವಿಂಡೋಗೆ ಡೇನಿಷಿನಲ್ಲಿ ಇವತ್ತಿಗೂ 'ವಿಂಡು' ಎಂಬಂಥ ಪದವೇ ಇದೆ. ಅದು ಸಿಕ್ಕ ಮೇಲೆ ನನಗೆ ಧೈರ್ಯ ಬಂತು.

ವಿಂಡೋದ ಉಳಿದ ಅರ್ಥಗಳನ್ನು ಬೇಗ ಮುಗಿಸಿದೆ. ಟಿಕೆಟ್ ಕೊಡುವ ಕಿಂಡಿ, ಕಂಪ್ಯೂಟರ್ ಪರದೆಯ ಚೌಕ, ವಿಳಾಸ ಕಾಣುವ ಲಕೋಟೆಯ ಗಾಜುಕಾಗದ. ಲಾಂಚ್ ವಿಂಡೋ ಮಾತ್ರ ಬಿಡಿಸಿ ಹೇಳಬೇಕಾಯಿತು. 2019ರ ಜುಲೈ 15ರಂದು ಚಂದ್ರಯಾನ-2 ಹಾರಲು 56 ನಿಮಿಷ ಇದ್ದಾಗ ತಾಂತ್ರಿಕ ದೋಷದಿಂದ ನಿಲ್ಲಿಸಿದರು. ಮನಸ್ಸು ಬಂದಾಗ ಹಾರಿಸೋಕೆ ಆಗಲ್ಲ, ಭೂಮಿ, ಚಂದ್ರ ಸರಿಯಾದ ಜಾಗದಲ್ಲಿರುವ ಹೊತ್ತು ಬೇಕು. ಜುಲೈ 22ಕ್ಕೆ ಹಾರಿತು. "ಈ ವಿಂಡೋಗೆ ಕನ್ನಡದಲ್ಲಿ ಏನನ್ನೋಣ?" ಅಂದೆ.

ಮೊದಲು ಪ್ರಶ್ನೆ ಕೇಳಿದ್ದ ಹುಡುಗಿಯೇ ಎದ್ದಳು. "ಹೊತ್ತಿನ ಕಿಂಡಿ ಅನ್ರಿ, ಟೀಚರ್."