ಶಾಕಪ್‌ಗೆ ಕೈ ಹಾಕಿ, ಸ್ಪ್ರಿಂಗ್‌ಗೆ ಹೆದರಿ

ಗ್ಯಾರೇಜಿನವರು ‘ಶಾಕಪ್’ ಎನ್ನುವ ಶಾಕ್ ಅಬ್ಸಾರ್ಬರ್ ಕಾರಿನ ಭಾರ ಹೊರುವುದಿಲ್ಲ. ಭಾರ ಹೊರುವುದು ಸ್ಪ್ರಿಂಗ್. ಗುಂಡಿಗೆ ಬಿದ್ದೆದ್ದ ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ತಡೆಯುವುದಷ್ಟೇ ಶಾಕಪ್‌ನ ಕೆಲಸ. ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ತೂತುಗಳಲ್ಲಿ ನುಗ್ಗಿಸುತ್ತದೆ, ಕುಣಿತದ ಶಕ್ತಿ ಬಿಸಿಯಾಗಿ ಹೊರಹೋಗುತ್ತದೆ. ಇದಿಷ್ಟು ತಲೆಯಲ್ಲಿದ್ದರೆ ಮನೆಯಂಗಳದಲ್ಲಿ ಶಾಕಪ್ ಬದಲಿಸುವಾಗ ಎಲ್ಲಿ ಧೈರ್ಯ ಮಾಡಬಹುದು, ಎಲ್ಲಿ ಕೈಕಟ್ಟಿ ನಿಲ್ಲಬೇಕು ಎಂಬುದು ತಾನೇ ಗೊತ್ತಾಗುತ್ತದೆ.

ಸ್ಪೋರ್ಟ್ಸ್ ಕಾರುಗಳಲ್ಲಿ ಸ್ಪ್ರಿಂಗ್ ಗಡುಸು, ಚಕ್ರ ಮೇಲೆ ಕೆಳಗೆ ಆಡಲು ಇರುವ ಜಾಗ ಕಡಿಮೆ. ನಂದಿಬೆಟ್ಟದ ತಿರುವುಗಳಿಗೆ ಇದು ಹೇಳಿ ಮಾಡಿಸಿದ್ದು. ಅದೇ ಕಾರು ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಗಳ ಹಂಪುಗಳನ್ನು ದಿನವೂ ದಾಟಬೇಕಾದರೆ ಮಾತ್ರ ಶಾಕಪ್ ಬೇಗ ಸೋಲುತ್ತದೆ. ಚಿಕ್ಕಬಳ್ಳಾಪುರ ಸುತ್ತಲಿನ ಕ್ರಷರ್ ದೂಳಿನ ಪಾಲೂ ಇದರಲ್ಲಿದೆ. ಶಾಕಪ್ ಕಂಬಿಗೆ ಹೊದಿಸಿದ ರಬ್ಬರ್ ಬೂಟ್ ಹರಿದರೆ ಕಲ್ಲುಪುಡಿ ಹೊಳಪಿನ ಕಂಬಿಗೆ ಅಂಟುತ್ತದೆ. ಕಂಬಿ ಪ್ರತಿ ಸಲ ಇಳಿದಾಗಲೂ ಆ ಪುಡಿ ಸೀಲನ್ನು ಉಜ್ಜುತ್ತದೆ. ಎಣ್ಣೆ ಸೋರಿಕೆ ಅಲ್ಲಿಂದಲೇ ಶುರು.

ಹೋಗಿರುವುದು ಶಾಕಪ್ಪೇ?

ಬಾನೆಟ್ ಮೂಲೆಯನ್ನು ಅದುಮಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಎಂದು ಎಣಿಸುವುದು ಹಳೆಯ ಪದ್ಧತಿ. ಗಡುಸು ಸ್ಪ್ರಿಂಗಿನ ಕಾರಿನಲ್ಲಿ ಇದರಿಂದ ಏನೂ ತಿಳಿಯುವುದಿಲ್ಲ, ಕೈಯಿಂದ ಅದು ಅಷ್ಟು ತಗ್ಗುವುದೇ ಇಲ್ಲ. ಅದರ ಬದಲು ಟಾರ್ಚ್ ಹಿಡಿದು ನೋಡಿ. ಸೀಲಿನ ಕೆಳಗೆ ತೆಳುವಾಗಿ ಎಣ್ಣೆಪಸೆ, ಅದರ ಮೇಲೊಂದಿಷ್ಟು ದೂಳು ಕಂಡರೆ ಗಾಬರಿ ಬೇಡ. ಎಣ್ಣೆಯು ಶಾಕಪ್ ಕೊಳವೆಯ ಅರ್ಧದವರೆಗೆ ಇಳಿದು ಒದ್ದೆಯಾಗಿದ್ದರೆ ಆಯುಷ್ಯ ಮುಗಿದಿದೆ. ಟೈರಿನ ಮೇಲೆ ಅಂಗೈ ಆಡಿಸಿದಾಗ ಅಲ್ಲಲ್ಲಿ ಬಟ್ಟಲಿನಂತೆ ಸವೆದ ತಗ್ಗು ಸಿಕ್ಕರೆ ಚಕ್ರ ರಸ್ತೆಯ ಮೇಲೆ ಪುಟಿಯುತ್ತಿದೆ ಎಂದರ್ಥ.

ಹಂಪ್ ಮೇಲೆ ‘ಟಕ್ ಟಕ್’ ಸದ್ದು ಬಂದ ಮಾತ್ರಕ್ಕೆ ಶಾಕಪ್ ದೂರಬೇಡಿ. ತಿರುವಿನಲ್ಲಿ ಕಾರು ವಾಲದಂತೆ ಎಡ ಬಲ ಚಕ್ರಗಳನ್ನು ಬೆಸೆಯುವ ಸ್ಟೆಬಿಲೈಸರ್ ಬಾರಿನ ಲಿಂಕ್ ರಾಡ್ ಹೋಗಿದ್ದರೂ ಅದೇ ಸದ್ದು ಬರುತ್ತದೆ, ಅದರ ಬೆಲೆಯೂ ಕೆಲಸವೂ ಬಹಳ ಕಡಿಮೆ. ನಿಂತ ಕಾರಿನ ಸ್ಟಿಯರಿಂಗ್ ತಿರುಗಿಸುವಾಗ ಸ್ಪ್ರಿಂಗ್ ‘ಟೊಂಯ್’ ಎಂದರೆ ಶಾಕಪ್‌ನ ತಲೆಯನ್ನು ಬಾಡಿಗೆ ಜೋಡಿಸುವ ಮೇಲಿನ ಮೌಂಟಿನ (ಟಾಪ್ ಮೌಂಟ್) ಬೇರಿಂಗ್ ಹಿಡಿದಿದೆ.

ಏನೇನು ತರಬೇಕು

ಶಾಕಪ್ ಯಾವಾಗಲೂ ಜೋಡಿ. ಮುಂದಿನದಾದರೆ ಮುಂದಿನ ಎರಡೂ, ಹಿಂದಿನದಾದರೆ ಹಿಂದಿನ ಎರಡೂ. ಒಂದು ಹೊಸದು, ಇನ್ನೊಂದು ಹಳೆಯದಾದರೆ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಒಂದು ತರಹ, ಇನ್ನೊಂದು ಬದಿಗೆ ಇನ್ನೊಂದು ತರಹ ನಡೆದುಕೊಳ್ಳುತ್ತದೆ. ಜೊತೆಗೆ 2 ಟಾಪ್ ಮೌಂಟ್, 2 ಬೇರಿಂಗ್, 2 ಬಂಪ್ ಸ್ಟಾಪ್ (ಶಾಕಪ್ ಪೂರ್ತಿ ಅದುಮಿದಾಗ ಪೆಟ್ಟು ತಡೆಯುವ ರಬ್ಬರ್), 2 ಡಸ್ಟ್ ಬೂಟ್ ಬೇಕು. ಇವನ್ನು ಉಳಿಸಲು ಹೋಗುವುದು ದಂಡ, ಏಕೆಂದರೆ ಅವು ಹೋದಾಗ ಇಡೀ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕು. ಲಾಕ್ ನಟ್‌ಗಳು ಹೊಸವೇ ಆಗಿರಲಿ. ಬೋಲ್ಟನ್ನು ಇಂತಿಷ್ಟು ಬಿಗಿದು ‘ಆಮೇಲೆ ಇನ್ನೂ 90 ಡಿಗ್ರಿ ತಿರುಗಿಸಿ’ ಎಂದು ಕಾರಿನ ಮ್ಯಾನುಯಲ್‌ನಲ್ಲಿದ್ದರೆ ಆ ಬೋಲ್ಟ್ ಎಳೆದು ಹಿಗ್ಗುವ ಜಾತಿಯದು, ಎರಡನೇ ಸಲಕ್ಕೆ ಬಾರದು. ಇವೆಲ್ಲ ಊರಿನ ಅಂಗಡಿಯಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ಹೋಗುವಾಗ ಚಾಸಿ ನಂಬರ್ ಬರೆದುಕೊಂಡು ಹೋಗಿ. ಒಂದೇ ಮಾಡೆಲ್‌ನಲ್ಲೂ ಎಂಜಿನ್ ಬದಲಾದರೆ ಶಾಕಪ್ ಬದಲಾಗಬಹುದು.

ಕೊಳ್ಳುವ ಮುನ್ನ ಇನ್ನೊಂದು ವಿಷಯ ನೋಡಿಕೊಳ್ಳಿ. ಶಾಕಪ್‌ಗೆ ವೈರ್ ಕನೆಕ್ಟರ್ ಬಂದಿದೆಯೇ? ಆಡಿ ಟಿಟಿಯಂತಹ ಕೆಲವು ಕಾರುಗಳಲ್ಲಿ ಆಯಸ್ಕಾಂತೀಯ ಶಾಕಪ್ ಇರುವುದುಂಟು. ಒಳಗಿನ ಎಣ್ಣೆಯಲ್ಲಿ ಸೂಕ್ಷ್ಮ ಕಬ್ಬಿಣದ ಕಣಗಳಿದ್ದು, ಕರೆಂಟ್ ಹರಿದಾಗ ಅದು ಗಟ್ಟಿಯಾಗುತ್ತದೆ. ಅಲ್ಲಿಗೆ ಸಾದಾ ಶಾಕಪ್ ಹಾಕಿದರೆ ಮೀಟರ್ ಬೋರ್ಡಿನಲ್ಲಿ ಎಚ್ಚರಿಕೆ ದೀಪ ಆರುವುದಿಲ್ಲ.

ಹತ್ಯಾರುಗಳ ಪೈಕಿ ಬೇಕೇಬೇಕಾದವು: ಟ್ರಾಲಿ ಜಾಕ್, 2 ಜಾಕ್ ಸ್ಟ್ಯಾಂಡ್, ಟಾರ್ಕ್ ರೆಂಚ್ (ಇಂತಿಷ್ಟೇ ಬಲಕ್ಕೆ ಬಿಗಿಯುವ ಸ್ಪ್ಯಾನರ್), ರಿಂಗ್ ಸ್ಪ್ಯಾನರ್ ಮತ್ತು ಸಾಕೆಟ್ ಸೆಟ್, ಅಲನ್ ಕೀ, ತುಕ್ಕು ಬಿಡಿಸುವ ಸ್ಪ್ರೇ, ಕಟ್ಟುವ ತಂತಿ, ಅಳತೆ ಟೇಪ್, ಬಿಳಿ ಪೇಂಟ್ ಪೆನ್. ಕಾರು ನೆಲಕ್ಕೆ ಅಂಟಿದಂತಿದ್ದು ಜಾಕ್ ಒಳಗೆ ಹೋಗದಿದ್ದರೆ ಮೊದಲು ಎರಡು ಹಲಗೆ ಇಟ್ಟು ಚಕ್ರಗಳನ್ನು ಅವುಗಳ ಮೇಲೆ ಹತ್ತಿಸಿ. ಒಂದೂವರೆ ಇಂಚು ಸಿಕ್ಕರೆ ಸಾಕು.

ನಮ್ಮ ಕಡೆ ಮನೆ ಹಿತ್ತಿಲಲ್ಲಿ ಸೈಜುಗಲ್ಲು, ಹಾಲೋ ಬ್ಲಾಕ್ ಬಿದ್ದಿರುವುದು ಸಾಮಾನ್ಯ. ಕಾರಿನ ಕೆಳಗೆ ಅವು ಬೇಡವೇ ಬೇಡ. ಹಾಲೋ ಬ್ಲಾಕ್ ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ, ಸೈಜುಗಲ್ಲಿನ ಮೇಲೆ ಕಬ್ಬಿಣ ಜಾರುತ್ತದೆ. ಮಣ್ಣಿನ ನೆಲವಾಗಿದ್ದರೆ ಸ್ಟ್ಯಾಂಡಿನ ಅಡಿಗೆ ದಪ್ಪ ಪ್ಲೈವುಡ್ ತುಂಡು ಹಾಕಿ.

ಮುಂದಿನ ಸ್ಟ್ರಟ್ ಇಳಿಸುವುದು

ಸ್ಪ್ರಿಂಗ್, ಶಾಕಪ್ ಎರಡೂ ಸೇರಿದ ಒಂದೇ ಜೋಡಣೆಯೇ ಸ್ಟ್ರಟ್. ಬಿಚ್ಚಬೇಕಾದ ಎಲ್ಲ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಸ್ಪ್ರೇ ಹೊಡೆದು ಬಿಡಿ. ಬೆಳಿಗ್ಗೆ ಕಾರು ಸಮನೆಲದಲ್ಲಿ ನಿಂತಿರುವಾಗಲೇ ಚಕ್ರದ ನಡುಮಧ್ಯದಿಂದ ಮಡ್ಗಾರ್ಡ್ ಅಂಚಿನವರೆಗಿನ ಎತ್ತರವನ್ನು ನಾಲ್ಕೂ ಕಡೆ ಅಳೆದು ಬರೆದಿಡಿ. ಈ ನಾಲ್ಕು ಅಂಕಿ ಕೊನೆಯಲ್ಲಿ ಬೇಕಾಗುತ್ತವೆ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ವೀಲ್ ನಟ್ ಅಥವಾ ಬೋಲ್ಟ್ ಸಡಿಲಿಸಿ, ಆಮೇಲೆ ಎತ್ತಿ. ಮುಂದಿನ ಎರಡೂ ಬದಿ ಒಟ್ಟಿಗೆ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ ಚಕ್ರ ಕಳಚಿ. ಒಂದೇ ಬದಿ ಎತ್ತಿದರೆ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ಲಿಂಕ್ ರಾಡ್ ಬಿಚ್ಚಲು ಸತಾಯಿಸುತ್ತದೆ.

ಬ್ರೇಕ್ ಪೈಪ್ ಮತ್ತು ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ವೈರನ್ನು ಸ್ಟ್ರಟ್‌ನ ಕ್ಲಿಪ್ಪಿನಿಂದ ಬಿಡಿಸಿ, ನಂತರ ಲಿಂಕ್ ರಾಡ್ ಕಳಚಿ. ಲಿಂಕ್ ರಾಡಿನ ನಟ್ ಜೊತೆ ಅದರ ಚೆಂಡೂ ಸುತ್ತಿದರೆ ಬೋಲ್ಟಿನ ತುದಿಯ ಗುಣಿಗೆ ಅಲನ್ ಕೀ ಕೊಟ್ಟು ಹಿಡಿದುಕೊಳ್ಳಿ.

ಕೆಳಗಿನ ಜೋಡಣೆ ಎರಡು ಬಗೆ. ಸ್ಟ್ರಟ್‌ನ ಕಿವಿಗಳನ್ನು ಎರಡು ದಪ್ಪ ಬೋಲ್ಟುಗಳು ನಕಲ್‌ಗೆ (ಚಕ್ರವನ್ನು ಹೊತ್ತಿರುವ ಲೋಹದ ಗಟ್ಟಿ ತುಂಡು) ಹಿಡಿದಿದ್ದರೆ, ಬಿಚ್ಚುವ ಮುನ್ನ ಬೋಲ್ಟಿನ ತಲೆ, ಕಿವಿ, ನಕಲ್ ಮೂರರ ಮೇಲೂ ಹಾಯುವಂತೆ ಬಿಳಿ ಗೆರೆ ಎಳೆಯಿರಿ. ಚಕ್ರದ ಒಳವಾಲಿಕೆ ಹೊರವಾಲಿಕೆ, ಅಂದರೆ ಕ್ಯಾಂಬರ್, ಇಲ್ಲೇ ನಿರ್ಧಾರವಾಗುವುದು. ಎರಡು ಬೋಲ್ಟುಗಳ ನಡುವೆ 60 ಮಿಲಿಮೀಟರ್ ಅಂತರವಿದ್ದರೆ ಒಂದು ಬೋಲ್ಟ್ 1 ಮಿಲಿಮೀಟರ್ ಆಚೀಚೆ ಕುಳಿತರೂ ಕ್ಯಾಂಬರ್ ಹತ್ತಿರ ಹತ್ತಿರ 1 ಡಿಗ್ರಿ ಬದಲಾಗುತ್ತದೆ. ಇನ್ನೊಂದು ಬಗೆಯಲ್ಲಿ ಸ್ಟ್ರಟ್‌ನ ಕೊಳವೆಯೇ ನಕಲ್‌ನ ಸೀಳುಬಳೆಯೊಳಗೆ ಇಳಿದಿರುತ್ತದೆ. ಬೋಲ್ಟ್ ತೆಗೆದು ಸೀಳನ್ನು ಸ್ಪ್ರೆಡರ್ ಬಿಟ್‌ನಿಂದ ತುಸುವೇ ಅಗಲಿಸಬೇಕು. ಉಳಿ ಇಟ್ಟು ಸುತ್ತಿಗೆ ಬೀಸಿದರೆ, ಅದರಲ್ಲೂ ನಕಲ್ ಅಲ್ಯುಮಿನಿಯಂನದಾಗಿದ್ದರೆ, ಬಿರುಕು ಬಿಡಬಹುದು.

ನಕಲ್ ಬಿಡುಗಡೆಯಾದ ಕ್ಷಣ ಹೊರಕ್ಕೆ ವಾಲುತ್ತದೆ. ಅದನ್ನು ತಂತಿಯಿಂದ ಬಿಗಿಯಾಗಿ ಕಟ್ಟಿ. ಹಾಗೇ ಬಿಟ್ಟರೆ ಬ್ರೇಕ್ ಪೈಪ್ ಜಗ್ಗುತ್ತದೆ. ಮುಂದಿನ ಚಕ್ರಗಳಿಗೇ ಎಂಜಿನ್ ಬಲ ಹೋಗುವ ಕಾರಾದರೆ ಆ ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟೂ ಕಳಚಿಕೊಳ್ಳಬಹುದು. ಹಾಗಾದರೆ ಅರ್ಧ ದಿನದ ಕೆಲಸ ಎರಡು ದಿನದ್ದಾಗುತ್ತದೆ.

ಕೊನೆಯದು ಮೇಲಿನ ಮೌಂಟ್. ಬಾನೆಟ್ ಒಳಗೆ, ಕೆಲವು ಕಾರುಗಳಲ್ಲಿ ವೈಪರ್ ಕೆಳಗಿನ ಪ್ಲಾಸ್ಟಿಕ್ ಮುಚ್ಚಳದ ಅಡಿಗೆ, ಬೋಲ್ಟ್ ಅಥವಾ ನಟ್ ಮೂರಿರುವುದು ಸಾಮಾನ್ಯ. ಒಬ್ಬರು ಕೆಳಗಿನಿಂದ ಸ್ಟ್ರಟ್ ಹಿಡಿದಿರಲಿ, ಇನ್ನೊಬ್ಬರು ಇವನ್ನು ಬಿಚ್ಚಲಿ. ನಡುವಿನ ದೊಡ್ಡ ನಟ್ ಮಾತ್ರ ಈಗ ಮುಟ್ಟಲೇಬಾರದು. ಅದುಮಿಟ್ಟ ಸ್ಪ್ರಿಂಗನ್ನು ಹಿಡಿದಿರುವುದು ಅದೊಂದೇ.

ಸ್ಪ್ರಿಂಗ್: ಇಲ್ಲಿ ಗ್ಯಾರೇಜಿಗೆ ಹೋಗಿ

1,400 ಕಿಲೋ ತೂಕದ ಕಾರಿನ ಭಾರದಲ್ಲಿ ಶೇ 60 ಪಾಲು ಮುಂದಕ್ಕೆ ಬಿದ್ದರೆ ಮುಂದಿನ ಒಂದೊಂದು ಚಕ್ರದ ಮೇಲೆ 420 ಕಿಲೋ. ಆ ಭಾರವನ್ನೆಲ್ಲ ಹೊತ್ತು ನಿಂತಿದ್ದ ಸ್ಪ್ರಿಂಗನ್ನು ಅದುಮಿ ಹಿಡಿದು ನಟ್ ಬಿಚ್ಚಬೇಕು. ಎರಡು ಕೊಕ್ಕೆಯ ಅಗ್ಗದ ಸ್ಪ್ರಿಂಗ್ ಕಂಪ್ರೆಸರ್ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಗಡುಸು ಸ್ಪ್ರಿಂಗಿನ ಮೇಲೆ ಅದರ ಕೊಕ್ಕೆ ಜಾರಿದರೆ ಮುಖ, ಮೂಳೆ ಏನೂ ಉಳಿಯದು. ನಮ್ಮ ಸಲಹೆ ಇಷ್ಟೆ: ಸ್ಟ್ರಟ್ ಮನೆಯಲ್ಲೇ ಇಳಿಸಿ, ಗೋಡೆಗೋ ಕಂಬಕ್ಕೋ ಬಿಗಿದ ಸ್ಪ್ರಿಂಗ್ ಪ್ರೆಸ್ ಇರುವ ಗ್ಯಾರೇಜಿಗೆ ಅದನ್ನು ಒಯ್ದು ಹೊಸ ಶಾಕಪ್‌ಗೆ ಸ್ಪ್ರಿಂಗ್ ಕೂರಿಸಿಕೊಂಡು ಬನ್ನಿ. ಎರಡು ಸ್ಟ್ರಟ್‌ಗೆ ಒಂದು ಗಂಟೆಯೊಳಗೆ ಮುಗಿಯುವ ಕೆಲಸ. ಮಾನ ಹೋಗುವಂಥದ್ದೇನೂ ಇದರಲ್ಲಿಲ್ಲ.

ಆದರೆ ಅಲ್ಲಿ ನಿಂತು ನಾಲ್ಕು ವಿಷಯ ಗಮನಿಸಿ. ಹೊಸ ಶಾಕಪ್ ಎರಡು ಕೊಳವೆಯ ಜಾತಿಯದಾದರೆ, ಅಡ್ಡ ಮಲಗಿಸಿ ಸಾಗಿಸಿದ್ದರಿಂದ ಒಳಗಿನ ಗಾಳಿ ಎಣ್ಣೆಯ ಜಾಗಕ್ಕೆ ಸೇರಿರುತ್ತದೆ. ನೆಟ್ಟಗೆ ನಿಲ್ಲಿಸಿ ಕಂಬಿಯನ್ನು ನಾಲ್ಕೈದು ಸಲ ಪೂರ್ತಿ ಒತ್ತಿ ಪೂರ್ತಿ ಎಳೆಯಿರಿ, ಆ ‘ಗುಳುಕ್’ ಹೋಗಬೇಕು. ಹೆಚ್ಚು ಒತ್ತಡದ ಅನಿಲ ತುಂಬಿದ ಒಂಟಿ ಕೊಳವೆಯದಕ್ಕೆ ಇದು ಬೇಡ. ಎರಡನೆಯದು, ಕಂಬಿಯನ್ನು ಯಾರೂ ಇಕ್ಕಳದಲ್ಲಿ ಕಚ್ಚಿ ಹಿಡಿಯಬಾರದು. ಕಣ್ಣಿಗೆ ಕಾಣದ ಗೀರೂ ಸೀಲನ್ನು ಕೊಯ್ಯುತ್ತದೆ, ಹೊಸ ಶಾಕಪ್ ಬೇಗ ಸೋರುವುದಕ್ಕೆ ಇದೂ ಒಂದು ಕಾರಣ. ಮೂರನೆಯದು, ನಡುವಿನ ನಟ್‌ಗೆ ಗಾಳಿ ಗನ್ ಬೇಡ. ಕಂಬಿ ಗರಗರ ತಿರುಗಿದರೆ ಒಳಗಿನ ಪಿಸ್ಟನ್ ಜೋಡಣೆಗೆ ಪೆಟ್ಟು. ಅಲನ್ ಕೀಯಿಂದ ಕಂಬಿ ಹಿಡಿದು ರಿಂಗ್ ಸ್ಪ್ಯಾನರ್‌ನಲ್ಲೇ ಬಿಗಿಯಲಿ. ನಾಲ್ಕನೆಯದು, ಸ್ಪ್ರಿಂಗಿನ ಕೆಳತುದಿ ತಟ್ಟೆಯ ಮೆಟ್ಟಿಲಿಗೆ ತಾಗಿ ಕೂತಿದೆಯೇ, ಬೇರಿಂಗ್ ತಲೆಕೆಳಗಾಗಿಲ್ಲವೇ ನೋಡಿ.

ಹಿಂದಿನದು

ಹಿಂದೆ ಹಲವು ಕಾರುಗಳಲ್ಲಿ ಸ್ಪ್ರಿಂಗ್ ಬೇರೆ, ಶಾಕಪ್ ಬೇರೆ. ಹಾಗಿದ್ದರೆ ಸ್ಪ್ರಿಂಗ್ ಪ್ರೆಸ್ಸಿನ ಗೊಡವೆಯೇ ಇಲ್ಲ. ಒಂದೇ ಎಚ್ಚರ: ಚಕ್ರದ ತೋಳು ಇನ್ನೂ ಕೆಳಗೆ ಜೋತು ಬೀಳದಂತೆ ಹಿಡಿದಿರುವುದು ಆ ಶಾಕಪ್ಪೇ. ಕೆಳಬೋಲ್ಟ್ ತೆಗೆಯುವ ಮುನ್ನ ತೋಳಿನ ಅಡಿಗೆ ಜಾಕ್ ಕೊಟ್ಟು ತುಸು ಎತ್ತಿಕೊಳ್ಳಿ. ಇಲ್ಲವಾದರೆ ತೋಳು ಧಡಕ್ಕನೆ ಬಿದ್ದು ಸ್ಪ್ರಿಂಗ್ ಹೊರಗೆ ಸಿಡಿಯಬಹುದು. ಮೇಲಿನ ಬೋಲ್ಟುಗಳು ಚಕ್ರದ ಗೂಡಿನಲ್ಲಿ ಅಥವಾ ಡಿಕ್ಕಿಯ ಕಾರ್ಪೆಟ್ ಹಿಂದೆ ಇರುತ್ತವೆ.

ಬಿಗಿಯುವ ಹೊತ್ತು

ಅಚ್ಚುಕಟ್ಟಾಗಿ ಮಾಡಿದ ಕೆಲಸವೂ ಕೆಡುವುದು ಇಲ್ಲಿಯೇ. ಹಿಂದಿನ ಶಾಕಪ್‌ನ ಕೆಳತುದಿಯ ಬೋಲ್ಟ್ ತೂತಿಗೆ, ತೋಳುಗಳ ಬುಡಕ್ಕೆ ರಬ್ಬರ್ ಬುಶ್ ಇರುತ್ತದೆ. ಅದರೊಳಗಿನ ಕಬ್ಬಿಣದ ಕೊಳವೆ ಬೋಲ್ಟ್ ಬಿಗಿದಾಗ ಅಲ್ಲೇ ಕಚ್ಚಿಕೊಳ್ಳುತ್ತದೆ, ಆಮೇಲೆ ತಿರುಚುವುದು ರಬ್ಬರ್ ಮಾತ್ರ. ಚಕ್ರ ಜೋತಾಡುತ್ತಿರುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಮೇಲೆ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಕೆಲವೇ ತಿಂಗಳಲ್ಲಿ ಹರಿಯುತ್ತದೆ, ‘ಕಿರ್’ ಎನ್ನುತ್ತದೆ, ಕಾರು ಅರ್ಧ ಇಂಚು ಎತ್ತರವಾಗಿಯೂ ಕಾಣಬಹುದು. ಆದ್ದರಿಂದ ಈ ಬೋಲ್ಟುಗಳನ್ನು ಮೊದಲು ಕೈಯಲ್ಲಷ್ಟೇ ಕೂರಿಸಿ. ಬೆಳಿಗ್ಗೆ ಬರೆದಿಟ್ಟ ಎತ್ತರ ಬರುವವರೆಗೆ ತೋಳನ್ನು ಜಾಕಿನಿಂದ ಎತ್ತಿ, ಕಾರು ಸ್ಟ್ಯಾಂಡ್ ಬಿಟ್ಟು ಮೇಲೇಳದಂತೆ ಒಂದು ಕಣ್ಣಿಟ್ಟು, ಆಗ ಟಾರ್ಕ್ ರೆಂಚಿನಿಂದ ಬಿಗಿಯಿರಿ.

ಟಾರ್ಕ್ ಅಂಕಿಯನ್ನು ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನುಯಲ್‌ನಿಂದಲೇ ತೆಗೆದುಕೊಳ್ಳಿ, ಪಕ್ಕದ ಮನೆ ಕಾರಿನದು ಇದಕ್ಕೆ ಹೊಂದದು. ಮ್ಯಾನುಯಲ್ ಬೇರೆ ಹೇಳದಿದ್ದರೆ ಆ ಅಂಕಿ ಬೋಲ್ಟಿನ ಒಣ ಮರೆಗೆ (ಸುರುಳಿ ಗೆರೆಗೆ) ಕೊಟ್ಟದ್ದು. ಗ್ರೀಸ್ ಸವರಿ ಅದೇ ಅಂಕಿಗೆ ಬಿಗಿದರೆ ಜಾರುವಿಕೆಯಿಂದಾಗಿ ಬೋಲ್ಟಿಗೆ ಬೀಳುವ ಎಳೆತ ಮಿತಿಮೀರುತ್ತದೆ. ವೀಲ್ ಬೋಲ್ಟ್‌ಗಳನ್ನು (ಆಡಿ ಟಿಟಿಯದು 120 ನ್ಯೂಟನ್ ಮೀಟರ್) ನಕ್ಷತ್ರದ ಕ್ರಮದಲ್ಲಿ ಬಿಗಿಯಿರಿ.

ರಸ್ತೆಗಿಳಿಸುವ ಮುನ್ನ ಸ್ಟಿಯರಿಂಗನ್ನು ಎರಡೂ ತುದಿಗೆ ತಿರುಗಿಸಿ ಬ್ರೇಕ್ ಪೈಪ್, ಎಬಿಎಸ್ ವೈರ್ ಎಲ್ಲೂ ಉಜ್ಜುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಮೊದಲ ಓಟ ಹೆದ್ದಾರಿ 44ರ ಸರ್ವಿಸ್ ರಸ್ತೆಯಲ್ಲಿ ನಿಧಾನವಾಗಿರಲಿ, ಬೆಟ್ಟ ಮುಂದಿನ ವಾರಕ್ಕಾಯಿತು. ಹಂಪ್ ಮೇಲೆ ಒಂಟಿ ‘ಠಕ್’ ಬಂದರೆ ಟಾಪ್ ಮೌಂಟಿನ ನಟ್ ಪೂರ್ತಿ ಬಿಗಿಯಾಗಿಲ್ಲದಿರಬಹುದು. ಕಾರು ಒಂದು ಕಡೆಗೆ ಎಳೆದರೆ ಗಾಬರಿಯಿಲ್ಲ, ವೀಲ್ ಅಲೈನ್‌ಮೆಂಟ್ ಇನ್ನೂ ಬಾಕಿ ಇದೆ. ಅದನ್ನು ಅದೇ ದಿನ ಮಾಡಿಸಿ, ಕ್ಯಾಂಬರ್ ಅಂಕಿಯನ್ನೂ ಕೇಳಿ ಪಡೆಯಿರಿ. 50 ಕಿಲೋಮೀಟರ್ ಓಡಿದ ಮೇಲೆ ವೀಲ್ ಬೋಲ್ಟ್‌ಗಳ ಬಿಗಿಯನ್ನು ಇನ್ನೊಮ್ಮೆ ನೋಡಿ.

ಹಳೆಯ ಶಾಕಪ್ ಗುಜರಿಗೆ ಹಾಕುವಾಗ ಒಳಗೆ ಎಣ್ಣೆ, ಅನಿಲ ಇರುವುದನ್ನು ಗುಜರಿಯವರಿಗೆ ಬಾಯಿಬಿಟ್ಟು ಹೇಳಿ. ಗ್ಯಾಸ್ ಕಟರ್ ತಾಗಿದರೆ ಅದು ಸಿಡಿಯುತ್ತದೆ.